ಗೊಂಬೆ ತರಿಸುವವರಿಗೆ ನಮ್ಮ ಮನೆಯವರ ಸಲಹೆ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಎಂಟನೆಯ ತಿಂಗಳಲ್ಲಿ ನಾನು ಕೊರಿಯಾದಿಂದ ಒಂದು ಗೊಂಬೆ ತರಿಸಿದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನಗಾಗ ಇಪ್ಪತ್ತೇಳು ತುಂಬಿತ್ತು, ಗೊಂಬೆ ತರಿಸುವ ವಯಸ್ಸಲ್ಲ. ಹೊಸ ಸೊಸೆಯಂತೂ ಗೊಂಬೆ ತರಿಸುವುದು ಎಲ್ಲಿಯೂ ಇಲ್ಲ.

ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ನನಗೆ ಕೆಲಸ. ಆ ಕಚೇರಿಗೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ನಾನು ಏನೇನೋ ಹುಡುಕುತ್ತ ಕೂರುತ್ತಿದ್ದೆ. ಹಾಗೆ ಹುಡುಕುವಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಒಂದು ಗೊಂಬೆ ಗಲ್ಲಕ್ಕೆ ಕೈಕೊಟ್ಟು ಕೂತು ಕಿಟಕಿಯಾಚೆ ನೋಡುತ್ತಿತ್ತು, ಥೇಟ್ ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯಲ್ಲಿ ನಾನು ಕೂರುವ ಹಾಗೆ. ಓದಿ ನೋಡಿದೆ. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲ ಕಡೆ ಗುಂಡು ಕೀಲು. ಟೊಳ್ಳು ಮೈಯೊಳಗೆ ಇಲಾಸ್ಟಿಕ್ ಹಗ್ಗ ಹಾಯಿಸಿ ಬಿಗಿದಿರುತ್ತಾರೆ, ಆದ್ದರಿಂದ ಹೇಗೆ ಕೂರಿಸಿದರೆ ಹಾಗೆ ಕೂರುತ್ತದೆ. ಕೂದಲು ಬದಲಿಸಬಹುದು, ಕಣ್ಣು ಬದಲಿಸಬಹುದು. ಮೈ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಮುಟ್ಟಿದರೆ ಪಿಂಗಾಣಿಯಂತೆ ತಣ್ಣಗೆ ಇರುತ್ತದಂತೆ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಗಂಡನಿಗೆ ಹೇಳಿದೆ. ವಿದೇಶಕ್ಕೆ ಹಣ ಕಟ್ಟುವ ಕಾರ್ಡು ಇದ್ದದ್ದು ಅವರ ಹತ್ತಿರ.

“ಎಷ್ಟ ದೊಡ್ಡದು?” ಎಂದರು.

“ಸಿಕ್ಸ್‌ಟಿ ಸೆಂಟಿಮೀಟರ್.”

ಅವರು ಅದನ್ನು ಸಿಕ್ಸ್‌ಟೀನ್ ಎಂದು ಕೇಳಿಸಿಕೊಂಡು, ಹೆಬ್ಬೆರಳು ಕಿರುಬೆರಳು ಅಗಲಿಸಿ ಇಷ್ಟೇ ಅಲ್ಲವೇ ಎಂದು ತೋರಿಸಿದರು. ನಾನು ತಪ್ಪು ತಿದ್ದಲಿಲ್ಲ. ಹೊಸದಾಗಿ ಗೊಂಬೆ ಕೊಳ್ಳುವವರು ಮನೆಯಲ್ಲಿ ಅಳತೆಯನ್ನು ಸರಿಯಾಗಿ ಹೇಳಬೇಕೆಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಅವತ್ತು ಸರಿಯಾಗಿ ಹೇಳಿದ್ದರೆ ಗೊಂಬೆ ಬರುತ್ತಿರಲಿಲ್ಲ ಎಂಬುದೂ ನಿಜ.

ಡಿಸೆಂಬರಿನ ಒಂದು ಮಧ್ಯಾಹ್ನ ಕಚೇರಿಗೆ ಅತ್ತೆಯ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಯವ್ವಾ, ಲಗೂನ ಮನಿಗೆ ಬಾ. ಪೆಟಗ್ಯಾಗ ಯಾರೋ ಅದಾರ.”

“ಯಾರ್ರೀ ಅತ್ಯಾರ?”

“ಗೊತ್ತಿಲ್ಲವಾ. ಕಣ್ಣಿಲ್ಲ, ಕೂದ್ಲಿಲ್ಲ, ಮೈಮ್ಯಾಲ ಅರಿವಿ ಇಲ್ಲ. ಪೋಸ್ಟಮನ್ ಕೊಟ್ಟ ಹೋದ. ಸಹಿ ಬ್ಯಾರೆ ಮಾಡೇನಿ.”

ಅರ್ಧ ದಿನ ರಜೆ ಹಾಕಿ ಕರ್ವೆನಗರದ ನಮ್ಮ ಮನೆಗೆ ಓಡಿದೆ. ಗೊಂಬೆಯನ್ನು ಅತ್ತೆ ಸೋಫಾದ ಮೇಲೆ ಮಲಗಿಸಿ, ಮೈತುಂಬ ಇಳಕಲ್ ಸೀರೆಯ ಹಳೆಯ ತುಂಡು ಹೊದಿಸಿ, ಮುಖದ ಮೇಲೆ ಕರವಸ್ತ್ರ ಮುಚ್ಚಿದ್ದರು. ಅದು ನೋಡಲು ಇನ್ನೂ ಭೀಕರವಾಗಿತ್ತು. ಕೆಳಗಿನ ಮನೆಯ ಮರಾಠಿ ಬಾಯಿಯವರು ಸಕ್ಕರೆ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. “ಅಹೋ ವಹಿನಿ, ಬಾಳ ಕುಣಾಚಂ?” ಎಂದು ಪಿಸುಗುಟ್ಟಿದರು. ಮಗು ಯಾರದು ಎಂದು ಅವರ ಪ್ರಶ್ನೆ. ಅತ್ತೆ ನನ್ನ ಕಡೆ ಬೆರಳು ತೋರಿಸಿದರು.

ಎಲ್ಲರಿಗೂ ಬಿಡಿಸಿ ಹೇಳಿದೆ. ಇದು ಗೊಂಬೆ, ದೂರದ ದೇಶದಿಂದ ತರಿಸಿದ್ದು, ನನಗಾಗಿ.

“ನಿನಗ?” ಎಂದರು ಅತ್ತೆ. “ನಿನಗ ಈಗ ಎಷ್ಟ ವಯಸ್ಸು?”

“ಇಪ್ಪತ್ತೇಳ್ರೀ.”

“ಹಂಗಾರ ಪೆಟಗಿಯೊಳಗ ಇದ್ದ ಚೌರಿ ನನಗಲ್ಲ?”

ಆಗ ನೋಡಿದೆ. ಗೊಂಬೆಯ ವಿಗ್ಗು ಬೇರೆ ಪೊಟ್ಟಣದಲ್ಲಿ ಬಂದಿತ್ತು. ಕೆಂಚು ಬಣ್ಣದ, ಅಲೆ ಅಲೆಯಾದ ಉದ್ದ ಕೂದಲು. ಸೊಸೆ ತನಗೆಂದೇ ಪ್ರೀತಿಯಿಂದ ಚೌರಿ ತರಿಸಿದ್ದಾಳೆಂದುಕೊಂಡು ಅತ್ತೆ ಅದನ್ನು ತಮ್ಮ ಬಿಳಿ ತುರುಬಿಗೆ ಆಗಲೇ ಸಿಕ್ಕಿಸಿಕೊಂಡಿದ್ದರು. ಬಿಚ್ಚಿ ಕೊಡುವಾಗ ಅವರ ಮುಖ ಸಣ್ಣಗಾಯಿತು. ಆ ಪಾಪಕ್ಕೆ ಮರುವಾರ ಲಕ್ಷ್ಮೀ ರೋಡಿಗೆ ಹೋಗಿ ಅವರಿಗೊಂದು ನಿಜವಾದ ಚೌರಿ ತಂದುಕೊಟ್ಟೆ.

ಗೊಂಬೆಗೆ ಕಣ್ಣು ಇಲ್ಲದ್ದು ಮಾತ್ರ ನನ್ನ ತಪ್ಪು. ಕಣ್ಣನ್ನು ಬೇರೆಯಾಗಿಯೇ ಕೊಳ್ಳಬೇಕೆಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು, ನಾನು ಓದಿರಲಿಲ್ಲ. ಕಣ್ಣಿನ ಜಾಗದಲ್ಲಿ ಎರಡು ತೂತು, ಒಳಗೆ ಕತ್ತಲೆ. ಗಂಡ ಸಂಜೆ ಬಂದು ಗೊಂಬೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬೆರಳು ಅಗಲಿಸಿ ಅಳೆದರು, ಮೂರು ಗೇಣಿನ ಮೇಲೂ ಉಳಿಯಿತು. ಕೈಕಾಲು ತೊಳೆಯಲು ಹೋದರು.

ಮರುದಿನವೇ ಕಣ್ಣಿಗೆ ಆರ್ಡರ್ ಕೊಟ್ಟೆ. ಬರಲು ಎರಡು ಮೂರು ತಿಂಗಳು ಎಂದರು. ಅಲ್ಲಿಯವರೆಗೆ ಅದನ್ನು ಹಾಗೆ ನೋಡಲಾರೆನೆಂದು ಅತ್ತೆ ಒಂದು ಉಪಾಯ ಮಾಡಿದರು. ಮಾವನವರಿಗೆ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯವರು ಕೊಟ್ಟಿದ್ದ ಕಪ್ಪು ಕನ್ನಡಕವನ್ನು ತಂದು ಗೊಂಬೆಗೆ ಹಾಕಿ, ಹಿಂದೆ ದಾರ ಕಟ್ಟಿದರು. ಒಂದು ಖಣ ಹೊಲಿದು ಕುಪ್ಪಸ ಮಾಡಿದರು. ಟೀವಿ ಪಕ್ಕದ ಮೇಜಿನ ಮೇಲೆ ಕೂರಿಸಿದರು. ಕೆಂಚು ಕೂದಲು, ಗುಳೇದಗುಡ್ಡದ ಖಣ, ಕರೀ ಕನ್ನಡಕ. ಬಂದವರೆಲ್ಲ ಒಂದು ಕ್ಷಣ ದನಿ ತಗ್ಗಿಸುತ್ತಿದ್ದರು. ಪರಿಚಯದ ಒಬ್ಬ ಅಜ್ಜಿಯಂತೂ, “ಪಾಪ, ಯಾವ ಕಣ್ಣಿಂದ್ರೀ ಆಪರೇಶನ್?” ಎಂದು ಕೇಳಿದರು. “ಎರಡೂ” ಎಂದರು ಅತ್ತೆ.

ಸಂಕ್ರಾಂತಿಗೆ ಮನೆಯಲ್ಲಿ ಅರಿಶಿನ ಕುಂಕುಮ ಇತ್ತು. ಹನ್ನೆರಡು ಹೆಂಗಸರು, ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ಗೊಂಬೆಯ ಮುಂದಿನ ಸ್ಟೂಲಿನ ಮೇಲೆ ತಿಳಗೂಳ ಎನ್ನುವ ಎಳ್ಳುಂಡೆ ತುಂಬಿದ ತಟ್ಟೆ ಇಟ್ಟಿದ್ದೆ. ಆಪರೇಶನ್ ಬಗ್ಗೆ ಕೇಳಿದ್ದ ಆ ಅಜ್ಜಿ ಎಳ್ಳುಂಡೆ ತೆಗೆದುಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಗೊಂಬೆಯ ಬಲಗಾಲು ಟಣ್ಣನೆ ಚಿಮ್ಮಿ ತಟ್ಟೆಯನ್ನು ಒದ್ದಿತು. ತಟ್ಟೆ ಮೂರು ಅಡಿ ಆಚೆ ಬಿತ್ತು, ಎಳ್ಳುಂಡೆಗಳು ನೆಲದ ಮೇಲೆಲ್ಲ ಉರುಳಿದವು. ಆಮೇಲೆ ಅಜ್ಜಿ ನಿಧಾನವಾಗಿ ಸೆರಗು ಹೊದ್ದು, ಗೊಂಬೆಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆಯೇ ಇನ್ನಿಬ್ಬರು ಎದ್ದರು.

ಒಳಕೋಣೆಯ ಪರದೆ ಸರಿಸಿ ಮಾವನವರು ಹೊರಗೆ ಬಂದರು. ಹೆಂಗಸರ ಕಾರ್ಯಕ್ರಮದಲ್ಲಿ ಅವರು ಕಾಣಿಸಿಕೊಂಡಿದ್ದು ಅದೇ ಮೊದಲು.

“ದೇವರಲ್ಲರೀ ಅದು, ಟೆನ್ಶನ್” ಎಂದರು.

“ಯಾರಿಗಿ ಟೆನ್ಶನ್?” ಎಂದು ಅಜ್ಜಿ ಕೇಳಿದರು.

“ಇಲಾಸ್ಟಿಕ್‌ಗೆ.”

ಮಾವನವರ ಬಗ್ಗೆ ಇಲ್ಲಿ ಹೇಳಬೇಕು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಕುಕ್ಕರ್, ನಲ್ಲಿ, ಮಿಕ್ಸರ್ ಕೆಟ್ಟರೆ ಅವುಗಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮನುಷ್ಯರ ಜೊತೆ ಕಡಿಮೆ. ಮದುವೆಯಾದಾಗಿನಿಂದ ನನ್ನೊಡನೆ ಆಡಿದ್ದು “ಚಾ ಆತೇನ?” ಮತ್ತು “ನೀರ ಬಂತೇನ?” ಎಂಬ ಎರಡು ಮಾತು. ನಾನೂ ಅವರೆದುರು ಸೆರಗು ಸರಿಪಡಿಸಿಕೊಂಡು ಅಡಿಗೆಮನೆಗೆ ಜಾರುತ್ತಿದ್ದೆ.

ಮರುದಿನ ಭಾನುವಾರ. ಬೆಳಗಿನ ಚಹಾ ಕೊಡಲು ಹೋದರೆ ಅವರು ನೆಲದ ಮೇಲೆ ಪೇಪರು ಹಾಸಿ, ತಂತಿ ಹಿಡಿಯುವ ಪಕ್ಕಡ, ಹಳೆಯ ಛತ್ರಿಯ ಕಡ್ಡಿ, ಟಾರ್ಚು ಜೋಡಿಸಿಟ್ಟು, ಮುಂದೆ ಗೊಂಬೆ ಮಲಗಿಸಿಕೊಂಡು ಕೂತಿದ್ದರು.

“ಬಿಚ್ಚಲೇನವಾ?” ಎಂದರು. ಕೇಳಿದ ರೀತಿ ಥೇಟ್ ಸಣ್ಣ ಹುಡುಗರದ್ದು.

ಬೇಡ ಎನ್ನಬೇಕೆಂದಿದ್ದವಳು, “ಬಿಚ್ರಿ ಮಾವಾರ” ಎಂದುಬಿಟ್ಟೆ.

ಕನ್ನಡಕ, ವಿಗ್ಗು, ತಲೆಯ ಮೇಲಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರು. ಒಳಗೆ ಒಂದು ಕೊಕ್ಕೆ, ಕೊಕ್ಕೆಗೆ ಇಲಾಸ್ಟಿಕ್. ಕೊರಿಯಾದವರ ಕೆಲಸ ಅಚ್ಚುಕಟ್ಟು ಎಂದು ತಲೆದೂಗಿದರು. ಆದರೆ ಇಲಾಸ್ಟಿಕ್ ಕಾಲಿನ ಕಡೆ ವಿಪರೀತ ಬಿಗಿಯಾಗಿತ್ತಂತೆ. ಅದಕ್ಕೇ ಒದೆಯುವುದು. ಗಂಟು ಸಡಿಲಿಸಿ ಮತ್ತೆ ಕಟ್ಟಬೇಕು. ನಾನು ತಲೆ ಹಿಡಿದುಕೊಳ್ಳಬೇಕು, ಅವರು ಛತ್ರಿ ಕಡ್ಡಿಯಿಂದ ಕೊಕ್ಕೆ ಎಳೆಯುತ್ತಾರೆ.

“ಗಟ್ಟಿ ಹಿಡಿಯವಾ. ಬಿಡಬ್ಯಾಡ.”

“ಹಿಡದೇನ್ರಿ.”

“ಬಿಡಬ್ಯಾಡ ಅಂದೆ.”

“ಬಿಟ್ಟಿಲ್ರೀ…” ಎನ್ನುವುದರೊಳಗೆ ಕಡ್ಡಿ ಜಾರಿತು. ತಲೆ ನನ್ನ ಕೈಯಿಂದ ಚಿಮ್ಮಿ, ಬಾಗಿಲು ತೆರೆದಿದ್ದ ಗ್ಯಾಲರಿಗೆ ನೆಗೆದು, ಕಠಡಾದ ಸರಳುಗಳ ಸಂದಿನಿಂದ ಕೆಳಗೆ ಹೋಯಿತು. ಕೆಳಗೆ ಬುಳುಕ್ ಎಂದು ಸದ್ದು, ಅದರ ಬೆನ್ನಿಗೆ ಒಂದು ಕಿರುಚು.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಬಾಯಿ ಮೇಲೆ ಬಂದರು. ಗೊಂಬೆಯ ತಲೆಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು, ಸೋಪಿನ ನೊರೆ ಸುರಿಯುತ್ತಿತ್ತು. ಬಟ್ಟೆ ನೆನೆಸಿಟ್ಟ ಬಕೆಟ್ಟಿನಲ್ಲಿ ಬಿದ್ದದ್ದರಿಂದ ಉಳಿದಿತ್ತು. “ಹೇ ಘ್ಯಾ, ತುಮಚಂ ಡೋಕಂ” ಎಂದರು. ತಗೊಳ್ಳಿ ನಿಮ್ಮ ತಲೆ, ಎಂದು. ಮಾವನವರು ಎದ್ದು ನಿಂತು ಎರಡೂ ಕೈಯಲ್ಲಿ ಗೌರವದಿಂದ ಅದನ್ನು ಇಸಿದುಕೊಂಡರು. ಬಾಯಿ ಹೋದ ಮೇಲೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಾವನವರು ನಗುವುದನ್ನು ನಾನು ಅವತ್ತು ಮೊದಲ ಸಲ ಕಂಡೆ. ಸದ್ದಿಲ್ಲದೆ, ಹೊಟ್ಟೆ ಮಾತ್ರ ಕುಣಿಯುವ ನಗು. ಒಳಗಿಂದ ಅತ್ತೆ, “ಏನಾತು? ಏನಾತ್ರೀ?” ಎಂದು ಕೂಗುತ್ತಿದ್ದರೂ ನಮಗಿಬ್ಬರಿಗೂ ಉತ್ತರ ಕೊಡಲಾಗಲಿಲ್ಲ.

ಸಂಜೆಯವರೆಗೆ ಮೂರು ಸಲ ಬಿಚ್ಚಿ ಕಟ್ಟಿದೆವು. ಎಲ್ಲ ಹೊಸಬರಿಗೂ ನಾನು ಹೇಳುವುದು: ಇಲಾಸ್ಟಿಕ್ ಕಟ್ಟುವಾಗ ಮೊದಲು ಬಾಗಿಲು ಕಿಟಕಿ ಹಾಕಿಕೊಳ್ಳಿ.

ಇತ್ತ ಕಣ್ಣಿನ ಸುದ್ದಿಯಿಲ್ಲ. ಫೆಬ್ರುವರಿ ಹೋಯಿತು, ಮಾರ್ಚ್ ಬಂತು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅತ್ತೆ, “ಆಕಿ ಕಣ್ಣ ಬಂದ್ವೇನ?” ಎಂದು ಕೇಳುತ್ತಿದ್ದರು. ಗೊಂಬೆ ‘ಅದು’ ಹೋಗಿ ‘ಆಕಿ’ ಆದದ್ದು ಯಾವಾಗಲೋ ನನಗೆ ತಿಳಿಯದು. ಒಂದು ದಿನ ಅವರಿಗೆ ತಾಳ್ಮೆ ತಪ್ಪಿ, ಜೇಜುರಿಯ ಮೈಲಾರಲಿಂಗನಿಗೆ ಹರಕೆ ಹೊತ್ತರು. ಕಣ್ಣು ಬಂದರೆ ಗೊಂಬೆಯನ್ನು ಗುಡ್ಡ ಹತ್ತಿಸಿ ದರ್ಶನ ಮಾಡಿಸುತ್ತೇನೆ ಎಂದು. ಮೈಲಾರ ಅವರ ಮನೆದೇವರು, ಅವನ ಹೆಸರಲ್ಲಿ ಸುಮ್ಮನೆ ಬಾಯಿಗೆ ಬಂದದ್ದು ಹೇಳುವವರಲ್ಲ. ಐದನೆಯ ದಿನ ಕಣ್ಣು ಬಂತು.

ಹತ್ತಿಯಲ್ಲಿ ಸುತ್ತಿದ ಎರಡು ಗಾಜಿನ ಗೋಲಿ. ನಾನು ಕೇಳಿದ್ದು ಕಂದು ಬಣ್ಣ, ಬಂದದ್ದು ಬದನೆಕಾಯಿ ಬಣ್ಣ. ಸಂಕಟವಾಯಿತು.

“ಬಣ್ಣಾ ತಗೊಂಡ ಏನ್ಮಾಡತಿ? ಕಣ್ಣ ಬಂದ್ವಲ್ಲ ಅದನ್ನ ನೋಡು” ಎಂದರು ಅತ್ತೆ.

ಕಣ್ಣನ್ನು ತಲೆಯೊಳಗಿನಿಂದ ಮೆತ್ತನೆಯ ಅಂಟಿನಿಂದ ಕೂರಿಸಬೇಕು. ಆ ಅಂಟು ನಮ್ಮಲ್ಲಿರಲಿಲ್ಲ. ಅತ್ತೆ ಚಪಾತಿಗೆ ಕಲೆಸಿದ್ದ ಕಣಕದಲ್ಲಿ ಒಂದು ಉಂಡೆ ಕೊಟ್ಟರು. ಗಟ್ಟಿಯಾಗಿ ಕೂತಿತು. ಮೂರನೆಯ ದಿನ ಬೆಳಗ್ಗೆ ಗಂಡ ಹಲ್ಲುಜ್ಜುತ್ತ ಬಂದು, “ನಿನ್ನ ಗೊಂಬಿ ಅಳಾಕತ್ತದ” ಎಂದರು. ಹೋಗಿ ನೋಡಿದರೆ ಎಡಗಣ್ಣಿನಿಂದ ಗಲ್ಲದವರೆಗೆ ಕಪ್ಪಿರುವೆಯ ಸಾಲು. ಮಾವನವರು ಕಣಕ ಕೆರೆದು ತೆಗೆದು, ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿ ಹಾಕಿ ಮತ್ತೆ ಕಣ್ಣು ಕೂರಿಸಿದರು. ಕಣಕ ಬೇಡ ಎನ್ನುವುದನ್ನು ನಾನು ಬೇರೆ ಯಾರ ಸಲಹೆಯಲ್ಲೂ ಓದಿಲ್ಲ, ಬಹುಶಃ ಬೇರೆ ಯಾರೂ ಹಾಕಿರಲಿಕ್ಕಿಲ್ಲ.

ಹರಕೆ ತೀರಿಸಬೇಕಾಗಿತ್ತು. ಒಂದು ಭಾನುವಾರ ನಾಲ್ವರೂ ಬಸ್ಸಿನಲ್ಲಿ ಜೇಜುರಿಗೆ ಹೊರಟೆವು. ನನಗೆ ಹೆದರಿಕೆ ಇದ್ದದ್ದು ಒಂದೇ. ಅಲ್ಲಿ ಭಕ್ತರು ಹಿಡಿ ಹಿಡಿಯಾಗಿ ಭಂಡಾರ ತೂರುತ್ತಾರೆ, ಮೆಟ್ಟಿಲು, ಗೋಡೆ, ಗಾಳಿ ಎಲ್ಲ ಅರಿಶಿನ. ರೆಸಿನ್ ಎಂಬುದು ಕಲೆ ಹೀರಿಕೊಳ್ಳುವ ವಸ್ತು. ಆದ್ದರಿಂದ ಗೊಂಬೆಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಮೇಲೆ ಟವೆಲ್ಲು ಸುತ್ತಿ, ಬ್ಯಾಗಿನಲ್ಲಿ ಇಟ್ಟು, ಝಿಪ್ಪು ಎಳೆದು ಎದೆಗವಚಿಕೊಂಡು ಹತ್ತಿದೆ. ಬ್ಯಾಗಿನಲ್ಲೇ ದರ್ಶನ ಮಾಡಿಸಿ ಇಳಿಯುವುದು ನನ್ನ ಯೋಜನೆ.

ಮೇಲಿನ ಅಂಗಳದಲ್ಲಿ ಅತ್ತೆ ಕೈ ಚಾಚಿದರು. “ಕೊಡಿಲ್ಲೆ ಆಕಿನ್ನ.”

“ಚೀಲದಾಗ ಇರ್ಲಿರೀ ಅತ್ಯಾರ, ಕಲೀ ಬೀಳತದ.”

“ಕಣ್ಣ ಕೊಟ್ಟಾಂವ ಅಂವ. ಕಣ್ಣ ಮುಚ್ಚಿಕೊಂಡ ದರ್ಶನ ಮಾಡಸ್ತಿಯೇನ?”

ಬಿಚ್ಚಿ ಕೊಟ್ಟೆ. ಅತ್ತೆ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಪಕ್ಕದಲ್ಲಿ ಕಲಬುರಗಿ ಕಡೆಯ ಒಂದು ದೊಡ್ಡ ಸಂಸಾರ ನಿಂತಿತ್ತು, ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವವರು. ಅವರಲ್ಲೊಬ್ಬ ಮುದುಕ ಬದನೆ ಬಣ್ಣದ ಕಣ್ಣು ನೋಡಿ ಬೆರಗಾಗಿ, “ಯಾವ ಊರಿನ ಕೂಸ ಇದು?” ಎಂದ.

“ಕೊರಿಯಾ” ಎಂದರು ಮಾವನವರು.

“ಅಷ್ಟ ದೂರದಿಂದ ಬಂದದೇನ!” ಎಂದವನೇ “ಏಳುಕೋಟಿಗೆ” ಎಂದು ಮೈಲಾರನ ಜೈಕಾರ ಕೂಗಿ ಬೊಗಸೆ ತುಂಬ ಭಂಡಾರ ಅವಳ ನೆತ್ತಿಯ ಮೇಲೆ ಸುರಿದ. ಅವನ ಸಂಸಾರದ ಒಂಬತ್ತು ಜನವೂ ಸುರಿದರು. ಪುಡಿ ಇಳಿದ ಮೇಲೆ ಅತ್ತೆಯ ಕೈಯಲ್ಲಿ ಬಾಳೆಹಣ್ಣಿನ ಬಣ್ಣದ ಒಂದು ಆಕೃತಿ ಇತ್ತು. ನನಗೆ ಅಳು ಬಂತು. ಗಂಡ ನನ್ನನ್ನು ಸಮಾಧಾನ ಮಾಡಲೆಂದು, “ಛಂದ ಕಾಣಸ್ತಾಳ” ಎಂದರು. ಗೊಂಬೆಯ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು, ಬಂದದ್ದು ಅಂಥ ಹೊತ್ತಿನಲ್ಲಿ.

ಮನೆಗೆ ಬಂದು ಸೋಪು, ಶಾಂಪೂ, ಹಲ್ಲುಪುಡಿ ಎಲ್ಲ ಹಾಕಿ ತಿಕ್ಕಿದೆ. ಹಳದಿ ಹೋಗಲಿಲ್ಲ. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ ಎಂದು ಅತ್ತೆಗೆ ಗೊತ್ತಿತ್ತು, ಎಲ್ಲ ಹೆಂಗಸರಿಗೂ ಗೊತ್ತು. ಆದರೆ ಇಂಟರ್‌ನೆಟ್ಟಿನ ಗೊಂಬೆಯವರು ಒಂದೇ ಬಾಯಲ್ಲಿ ಹೇಳುವುದು, ಬಿಸಿಲಿಗೆ ಇಡಬೇಡಿ, ರೆಸಿನ್ ಹಳದಿಯಾಗುತ್ತದೆ ಎಂದು. ಅಂದರೆ ಬಿಸಿಲಿಗಿಟ್ಟರೆ ಒಂದು ಹಳದಿ ಹೋಗಿ ಇನ್ನೊಂದು ಹಳದಿ ಬರುತ್ತದೆ. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಮಾವನವರು ಮಾತ್ರ ತಣ್ಣಗಿದ್ದರು. “ಮೊದಲ ಒಂದ ಪಾರ್ಟ್ ಇಟ್ಟ ನೋಡೂಣವಾ” ಎಂದರು. ಎಡಗೈ ಬಿಚ್ಚಿ ಅರ್ಧ ಗಂಟೆ ಬಿಸಿಲಿಗೆ ಇಟ್ಟು, ಒಳಗೆ ತಂದು ಬಲಗೈ ಪಕ್ಕ ಹಿಡಿದು ನೋಡಿದರು. ಕಲೆ ತಿಳಿಯಾಗಿತ್ತು. ಅಷ್ಟಿಷ್ಟೇ ಇಡುವುದೆಂದು ತೀರ್ಮಾನವಾಯಿತು. ನಾಲ್ಕು ದಿನ ಗ್ಯಾಲರಿಯಲ್ಲಿ, ಅತ್ತೆಯ ಕೆಂಪು ಮೆಣಸಿನಕಾಯಿಯ ಪಕ್ಕ, ಬಿಳಿ ಪಂಚೆಯ ಮೇಲೆ ಎರಡು ಕೈ, ಎರಡು ಕಾಲು, ಒಂದು ಮುಂಡ, ಒಂದು ತಲೆ ಸಾಲಾಗಿ ಒಣಗಿದವು. ಮಾವನವರು ಗಡಿಯಾರ ಹಿಡಿದು ಕಾದರು. ಎದುರು ಕಟ್ಟಡದವರು ಗ್ಯಾಲರಿಗೆ ಬರುವುದನ್ನೇ ಬಿಟ್ಟರು. ಕೊನೆಗೆ ಬಲಗಿವಿಯ ಹಿಂದೆ ಮಾತ್ರ ಒಂದು ಚಿಟಿಕೆ ಹಳದಿ ಉಳಿಯಿತು. ಅದನ್ನು ತೆಗೆಯಲು ಅತ್ತೆ ಬಿಡಲಿಲ್ಲ.

ಎರಡು ಮೂರು ವರ್ಷ ಹೋದ ಮೇಲೆ ನಮ್ಮ ದೇಶದಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇಂಥ ಗೊಂಬೆ ತರಿಸತೊಡಗಿದರು. ಇಂಟರ್‌ನೆಟ್ಟಿನ ಒಂದು ಗುಂಪಿನಲ್ಲಿ ನಾನು ಪುಣೆಯವಳು ಎಂದು ಬರೆದದ್ದನ್ನು ಓದಿ ವಿಮಾನ ನಗರದ ಒಬ್ಬ ಹುಡುಗಿ ಸಂಪರ್ಕಿಸಿದಳು. ಬೆಂಗಳೂರಿನವಳು, ಪುಣೆಯ ಕಂಪನಿಯೊಂದರಲ್ಲಿ ಕೆಲಸ. ಮೊದಲ ಗೊಂಬೆ ಕೊಳ್ಳಬೇಕು, ಸಲಹೆ ಬೇಕು ಎಂದಳು. ಭಾನುವಾರ ಬಾ ಎಂದೆ. ನನ್ನನ್ನು ಸಲಹೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಹಿಂದಿನ ದಿನ ಕೂತು ಎರಡು ಹಾಳೆ ತುಂಬ ಬರೆದಿಟ್ಟುಕೊಂಡೆ.

ಅವಳು ಬಂದು ಕೂತಳು. ಹಾಳೆ ತೆಗೆದು, “ಮೊದಲನೆಯದಾಗಿ…” ಎಂದೆ.

“ಮೊದಲ ನಾಷ್ಟಾ ಮಾಡ್ಲಿ” ಎಂದು ಅತ್ತೆ ಅವಲಕ್ಕಿ ತಂದರು. ಅವಳು ತಿನ್ನುವಾಗ, “ಕಣ್ಣ ಕೂಡೇ ತರ್ಸವಾ. ನಮ್ಮಂಗ ಮಾಡಬ್ಯಾಡ. ಮನೀದೇವರ ಯಾವದು ನಿಮ್ಮದು?” ಎಂದರು.

“ಗೊತ್ತಿಲ್ಲ ಆಂಟಿ, ಅಮ್ಮನ್ನ ಕೇಳ್ಬೇಕು.”

“ಕೇಳಿ ಇಟ್ಕೊ. ಬೇಕಾಗ್ತದ.”

ಅಷ್ಟರಲ್ಲಿ ಮಾವನವರು ಬಂದು, ಬಾಗಿಲು ಹಾಕಿ, ಕಿಟಕಿ ಹಾಕಿ, ಪೇಪರು ಹಾಸಿದರು. ಹುಡುಗಿ ಗಾಬರಿಯಿಂದ ನನ್ನ ಕಡೆ ನೋಡಿದಳು. ಅವರು ಗೊಂಬೆಯನ್ನು ಒಂದೇ ನಿಮಿಷದಲ್ಲಿ ಬಿಚ್ಚಿ, ಬಿಡಿಭಾಗಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೇ ಎತ್ತಿ ತೋರಿಸುತ್ತ ಪಾಠ ಶುರು ಮಾಡಿದರು. ನಾನು ಎರಡು ಸಲ ಹಾಳೆ ಎತ್ತಿದೆ, ಎರಡು ಸಲ ಇಳಿಸಿದೆ. ಒಂದು ಗಂಟೆಯ ಮೇಲೆ ಹುಡುಗಿ, “ಸೂಪರ್ ಅಂಕಲ್! ನಾನೊಂದ್ಸಲ ಟ್ರೈ ಮಾಡ್ಲಾ?” ಎಂದು ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಹೊರಡುವಾಗ ಅವಳ ಕೈಯಲ್ಲಿ ಮಾವನವರು ಕೊಟ್ಟ ಛತ್ರಿ ಕಡ್ಡಿ ಇತ್ತು, ಅತ್ತೆ ಕೊಟ್ಟ ಖಣ ಇತ್ತು. ನನ್ನ ಹಾಳೆಗಳನ್ನು ಮರೆತು ಹೋಗಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಫೋನು. “ಆಂಟಿ, ಡಾಲ್ ಬಂತು!” ಎಂದಳು. ಅಭಿನಂದನೆ ಹೇಳಿ, ಹಾಳೆ ಎಲ್ಲಿಟ್ಟಿದ್ದೇನೆಂದು ನೆನಪಿಸಿಕೊಳ್ಳುವಷ್ಟರಲ್ಲಿ, “ಅಂಕಲ್‌ಗೆ ಸ್ವಲ್ಪ ಫೋನ್ ಕೊಡ್ತೀರಾ? ಅರ್ಜೆಂಟು” ಎಂದಳು.

ಫೋನಿನಲ್ಲಿ ಎರಡು ಮಾತು ಮೀರದ ಮಾವನವರು ಅವತ್ತು ಇಪ್ಪತ್ತು ನಿಮಿಷ ಮಾತಾಡಿದರು. “ಎಳೀಬ್ಯಾಡ. ಕುಂಡ್ರು. ನೀರ ಕುಡಿ. ಈಗ ಹೇಳು, ಯಾವ ಕಾಲು?” ಆಮೇಲೆ ರಿಸೀವರ್ ಇಟ್ಟು, ಪಕ್ಕಡ ಮತ್ತು ಟಾರ್ಚು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

“ವಿಮಾನ ನಗರಕ್ಕ ಯಾವ ಬಸ್ಸವಾ?” ಎಂದು ಕೇಳಿದರು.

ಎರಡು ಬಸ್ಸು ಬದಲಿಸಿ ಹೋದವರು ಸಂಜೆಗೆ ಬಂದರು. ಮುಖದಲ್ಲಿ ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದಾಗಲೂ ಇದ್ದಿರಲಾರದಂಥ ಕಳೆ. ಏನಾಗಿತ್ತು ಎಂದು ನಾವು ಮೂವರೂ ಸುತ್ತ ನಿಂತೆವು. ಅವರು ನೀರು ಕುಡಿದು ಲೋಟ ಕೆಳಗಿಟ್ಟರು.

“ಎರಡೂ ಕಾಲ ಹಿಂದಮುಂದ ಕೂಡಿಸಿದ್ಲು” ಎಂದರು. “ನಿಂದರೂದೇನೋ ಛಲೋನ ನಿಂತಿತ್ತು. ಆದರ ಎಲ್ಲಿ ಹೊಂಟದ ಅನ್ನೂದ ತಿಳೀತಿರಲಿಲ್ಲ.”